ರಿಂಕು ಸಿಂಗ್ ಹಾದಿಯಲ್ಲಿ ನಾನೂ ಬೇಸ್‌ಬಾಲ್ ಎಸೆದೆ

ರಿಂಕು ಸಿಂಗ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು 2023ರ ಐಪಿಎಲ್‌ನಲ್ಲಿ ಕೊನೆಯ ಓವರಿನಲ್ಲಿ ಹೊಡೆದ ಐದು ಸಿಕ್ಸರ್, ಅಲ್ವಾ? ನಾನು ಹೇಳುತ್ತಿರುವುದು ಇನ್ನೊಬ್ಬ ರಿಂಕು ಸಿಂಗ್ ಬಗ್ಗೆ. ಉತ್ತರ ಪ್ರದೇಶದ ಭದೋಹಿ ಕಡೆಯವರು, ಬೇಸ್‌ಬಾಲ್‌ನಲ್ಲಿ ಎಡಗೈ ಪಿಚರ್, ಅಂದರೆ ನಮ್ಮ ಬೌಲರ್ ಹಾಗೆ ಚೆಂಡು ಎಸೆಯುವವರು. ಮೊದಲು ಜಾವೆಲಿನ್ ಎಸೆಯುತ್ತಿದ್ದರು. 2008ರಲ್ಲಿ ಭಾರತದಲ್ಲಿ ಬೇಸ್‌ಬಾಲ್ ಎಸೆಯಬಲ್ಲವರನ್ನು ಹುಡುಕಲು ನಡೆದ ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಸ್ಪರ್ಧೆಯಲ್ಲಿ ಗಂಟೆಗೆ 87 ಮೈಲಿ, ಅಂದರೆ 140 ಕಿ.ಮೀ. ವೇಗದಲ್ಲಿ ಎಸೆದು ಗೆದ್ದರು. ಅದೇ ವರ್ಷ ನವೆಂಬರ್‌ನಲ್ಲಿ, ಅದೇ ಸ್ಪರ್ಧೆಯಿಂದ ಬಂದ ದಿನೇಶ್ ಪಟೇಲ್ ಜೊತೆ ಅಮೆರಿಕದ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಒಪ್ಪಂದಕ್ಕೆ ಸಹಿ ಹಾಕಿದರು.

ನಾನು ಹಾಸನದ ಕಡೆಯವನು. ಊರಲ್ಲಿ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಎಡಗೈ ಫಾಸ್ಟ್ ಬೌಲರ್. ಕೆಲಸಕ್ಕೆಂದು ಅಮೆರಿಕಕ್ಕೆ ಬಂದ ಮೇಲೆ ರಿಂಕು ಕಥೆ ಓದಿ, ನಾನೂ ಕಲಿಯಬಹುದು ಅನ್ನಿಸಿತು. ಆಗ ನನಗೆ ಮೂವತ್ತಮೂರು. ಪಕ್ಕದ ಮನೆಯವರು ಮಕ್ಕಳ ತಂಡಕ್ಕೆ ಕೋಚ್. ಅವರ ಹಿತ್ತಲಲ್ಲೇ ಶುರು ಮಾಡಿದೆ.

ಚೆಂಡು ಕೈಗೆ ಬಂದಾಗಲೇ ಗೊತ್ತಾಯಿತು, ಇದು ಬೇರೆಯೇ ವಸ್ತು. ನಮ್ಮ ಲೆದರ್ ಬಾಲಿಗಿಂತ ಸ್ವಲ್ಪ ಹಗುರ. ಸೀಮ್ ನೇರ ಪಟ್ಟಿಯಲ್ಲ, ಕುದುರೆ ಲಾಳದ ಹಾಗೆ ಬಳಸಿಕೊಂಡು ಹೋಗುತ್ತದೆ. 108 ಜೋಡಿ ಕೆಂಪು ಹೊಲಿಗೆ. ತೋರುಬೆರಳು, ನಡುಬೆರಳು ಆ ಲಾಳಕ್ಕೆ ಅಡ್ಡವಾಗಿ ಕೂರಬೇಕು, ಹೆಬ್ಬೆರಳು ಕೆಳಗೆ. ಚೆಂಡು ಅಂಗೈಗೆ ತಾಗಬಾರದು. ಇದೇ ಫೋರ್ ಸೀಮ್ ಹಿಡಿತ, ನೇರ ವೇಗದ ಎಸೆತಕ್ಕೆ.

ಕಷ್ಟ ಆಗಿದ್ದು ಮೊಣಕೈ. ಹತ್ತನೇ ವಯಸ್ಸಿನಿಂದ ‘ಚಕ್ ಮಾಡ್ಬೇಡ, ಕೈ ನೇರ ಇರ್ಲಿ’ ಅಂತ ಬೈಸಿಕೊಂಡವನು ನಾನು. ಇಲ್ಲಿ ಕೈ ಮಡಚಲೇಬೇಕು. ಓಡಿ ಬರುವಂತಿಲ್ಲ. ದಿಬ್ಬದ ಮೇಲೆ ರಬ್ಬರ್ ಪಟ್ಟಿಗೆ ಒಂದು ಕಾಲು ಒತ್ತಿ ನಿಂತಲ್ಲಿಂದಲೇ ಅಷ್ಟು ವೇಗ ಬರಬೇಕು. ಗುರಿ 18.44 ಮೀಟರ್ ದೂರದಲ್ಲಿರುವ 43 ಸೆಂ.ಮೀ. ಅಗಲದ ಪ್ಲೇಟ್, ಅಂದರೆ ಬ್ಯಾಟರ್ ಪಕ್ಕ ನೆಲದಲ್ಲಿರುವ ಬಿಳಿ ಹಲಗೆ; ಚೆಂಡು ಅದರ ಮೇಲಿಂದ ಹಾದುಹೋಗಬೇಕು. ಪಿಚ್ ಸಹಾಯ ಮಾಡುವುದಿಲ್ಲ, ಎಲ್ಲವೂ ಫುಲ್ ಟಾಸೇ! ಜಾವೆಲಿನ್ ಎಸೆಯುವವರ ಕೈ ಮೊದಲೇ ಮಡಚಿ ಚಾಟಿಯ ಹಾಗೆ ಬೀಸುತ್ತದೆ. ರಿಂಕು, ದಿನೇಶ್ ಇಬ್ಬರೂ ಜಾವೆಲಿನ್‌ನಿಂದ ಬಂದವರು. ಅವರಿಗೆ ಅದು ದೊಡ್ಡ ಬಲವಾಗಿತ್ತು ಅಂತ ನನಗೆ ನನ್ನ ಕೈಯೇ ಹೇಳಿತು.

ನನಗೆ ಕೆಲಸಕ್ಕೆ ಬಂದಿದ್ದು ಟವೆಲ್ ಅಭ್ಯಾಸ. ರಿಂಕು ಅವರಿಗೆ ಕ್ಯಾಲಿಫೋರ್ನಿಯಾದಲ್ಲಿ ಕಲಿಸಿದ ಟಾಮ್ ಹೌಸ್ ಇದಕ್ಕೇ ಹೆಸರಾದವರು. ಚೆಂಡಿನ ಬದಲು ಚಿಕ್ಕ ಟವೆಲ್ ಬೆರಳಿಗೆ ಸಿಕ್ಕಿಸಿ ಪೂರ್ತಿ ಎಸೆಯುವ ಹಾಗೇ ಬೀಸಬೇಕು. ನಾನು ಎದುರಿಗೆ ಕುರ್ಚಿ ಇಡುತ್ತಿದ್ದೆ. ಹೆಜ್ಜೆ ಉದ್ದವಾಗಿ ಬಿದ್ದು, ಎದೆ ಮುಂದೆ ಹೋದರೆ ಮಾತ್ರ ಟವೆಲ್ ತುದಿ ಕುರ್ಚಿಗೆ ಪಟ್ ಅಂತ ಬಡಿಯುತ್ತದೆ. ಬರೀ ಕೈ ಬೀಸಿದರೆ ಗಾಳಿಗೆ ಹೋಗುತ್ತದೆ. ದಿನಕ್ಕೆ ಐವತ್ತು ಸಲ, ಒಂದು ತಿಂಗಳು ಮಾಡಿದೆ.

ಆರನೇ ವಾರ ಮೊಣಕೈ ಒಳಬದಿಯಲ್ಲಿ ನೋವು ಶುರುವಾಯಿತು. ಹುಮ್ಮಸ್ಸಿನಲ್ಲಿ ದಿನಾ ಎಸೆದಿದ್ದೇ ತಪ್ಪು. ಎರಡು ತಿಂಗಳು ಚೆಂಡು ಮುಟ್ಟಲಿಲ್ಲ.

ಆ ಬಿಡುವಿನಲ್ಲೇ ರಿಂಕು ಅವರ ಅಂಕಿಅಂಶ ತೆಗೆದು ಕೂತೆ. 2009ರ ಜುಲೈ 13ರಂದು ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಪಿಚರ್ ಆದರು. ತೀರಾ ಕೆಳಗಿನ ಲೀಗ್. 2012ರಲ್ಲಿ ವೆಸ್ಟ್ ವರ್ಜೀನಿಯಾ ಪವರ್ ತಂಡಕ್ಕೆ 39 ಪಂದ್ಯ, 72 ಇನಿಂಗ್ಸ್, ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟಿದ್ದು ಸರಾಸರಿ 3 ರನ್. ಬೇಸ್‌ಬಾಲ್‌ನಲ್ಲಿ ಇನಿಂಗ್ಸಿಗೆ ಮೂರು ಔಟ್, ಅಂದರೆ 216 ಔಟ್. ಹಿತ್ತಲಲ್ಲಿ ಒಂದು ಸ್ಟ್ರೈಕ್‌ಗೆ, ಅಂದರೆ ಗುರಿಯ ಚೌಕಟ್ಟಿನೊಳಗೆ ಬೀಳುವ ಒಂದು ಎಸೆತಕ್ಕೆ, ಒದ್ದಾಡಿದವನಿಗೆ ಆ ಸಂಖ್ಯೆಯ ತೂಕ ಗೊತ್ತಾಗುತ್ತದೆ. ಅಮೆರಿಕದ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್ ತಲುಪಲಿಲ್ಲ ಅಂತ ಸುಮ್ನೆ ತಳ್ಳಿಹಾಕುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಆಮೇಲೆ ಗಾಯ, ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ, ಹರಿದ ಅಸ್ಥಿರಜ್ಜನ್ನು ಮರುಜೋಡಿಸುವುದು. ಮುಂದಿನ ಸೀಸನ್‌ಗಳೆಲ್ಲ ಖಾಲಿ. 2018ರಲ್ಲಿ ಅಮೆರಿಕದ ವೃತ್ತಿಪರ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಇ ಸೇರಿದರು.

ಈಗ ನಾನು ವಾರಕ್ಕೆ ಎರಡೇ ದಿನ ಎಸೆಯುತ್ತೇನೆ, ನಲವತ್ತು ಎಸೆತ, ಒಂದೂ ಜಾಸ್ತಿ ಇಲ್ಲ. ನೆಟ್ ಮೇಲೆ ಮೊಣಕಾಲಿನಿಂದ ಎದೆವರೆಗೆ ಕೆಂಪು ಟೇಪಿನ ಚೌಕಟ್ಟು ಹಾಕಿದ್ದೇನೆ. ಒಳಗೆ ಬಿದ್ದಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಹೋದ ಶನಿವಾರ ಇಪ್ಪತ್ತಮೂರು.