ಫ್ಯಾನ್ ಆಫ್ ಮಾಡಿ, ಹಾಡು ಶುರು ಮಾಡಿ: ಮನೆಯಲ್ಲೇ ರೆಕಾರ್ಡಿಂಗ್ ಹೇಗೆ?

ಮೈಕ್ ತಗೊಳ್ಳುವ ಮೊದಲು ಒಂದು ಕೆಲಸ ಮಾಡಿ. ಹಾಡಬೇಕು ಅಂದುಕೊಂಡ ಕೋಣೆಯ ಬಾಗಿಲು ಹಾಕಿ, ಮೊಬೈಲಿನ ರೆಕಾರ್ಡರ್ ಆನ್ ಮಾಡಿ, ಎರಡು ನಿಮಿಷ ಸುಮ್ನೆ ಕೂತುಬಿಡಿ. ಆಮೇಲೆ ಇಯರ್‌ಫೋನ್ ಹಾಕಿ ಕೇಳಿ. ಕಾಪುವಿನ ನಮ್ಮ ಹಂಚಿನ ಮನೆಯಲ್ಲಿ ನನಗೆ ಸಿಕ್ಕಿದ್ದು ಫ್ಯಾನಿನ ಗರಗರ, ಫ್ರಿಜ್ಜಿನ ಗುಂಯ್, ಪಕ್ಕದ ಮನೆಯ ಮಿಕ್ಸಿ, ಮೀನಿನವರ ಸ್ಕೂಟರಿನ ಪೋಂ ಪೋಂ, ಅದರ ಹಿಂದೆಯೇ ನಾಯಿ. ದಿನಾ ಕೇಳಿ ಕೇಳಿ ನಮ್ಮ ಕಿವಿ ಇದನ್ನೆಲ್ಲ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮೈಕ್ ಮಾತ್ರ ಒಂದನ್ನೂ ಬಿಡುವುದಿಲ್ಲ ಮಾರಾಯ್ರೆ.

ನಾನು ಇದನ್ನು ದುಡ್ಡು ಕೊಟ್ಟು ಕಲಿತವನು. ಎಲ್ಲರೂ ಹೇಳ್ತಾರೆ ಅಂತ ಮೊದಲು ಕಂಡೆನ್ಸರ್ ಮೈಕ್ ತಂದೆ. ಅದು ಸೂಕ್ಷ್ಮ, ಹಾಗಾಗಿ ಹಾಡಲು ಕೂತ ಅತ್ತೆಯ ದನಿಯ ಜೊತೆಗೆ ಇಡೀ ಕೇರಿಯೇ ಬಂತು. ಕೋಣೆ ಸದ್ದಿನದ್ದಾಗಿದ್ದರೆ ಡೈನಮಿಕ್ ಮೈಕ್ ವಾಸಿ, ಸಭೆ ಸಮಾರಂಭಗಳಲ್ಲಿ ಕೈಯಲ್ಲಿ ಹಿಡಿದು ಹಾಡುತ್ತಾರಲ್ಲ, ಆ ಜಾತಿಯದ್ದು. ಅದಕ್ಕೆ ನಾಲ್ಕು ಬೆರಳು ದೂರದಲ್ಲಿ ಬಾಯಿ ಇಡಬೇಕು, ಕಂಡೆನ್ಸರಿಗೆ ಒಂದು ಗೇಣು ಸಾಕು.

ಕೋಣೆ

ಹೊಸ ಮನೆಗಳ ಟೈಲ್ಸ್ ನೆಲ, ಬೋಳು ಗೋಡೆಯ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ಹೊಡೆಯಿರಿ. ಝಣ್ ಅಂತ ಬಾಲ ಬಂದರೆ ಹಾಡಿಗೂ ಅದೇ ಬಾಲ ಅಂಟುತ್ತದೆ, ಅದನ್ನು ಆಮೇಲೆ ಕತ್ತರಿಸುವುದು ಬಹಳ ಕಷ್ಟ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆಗೆದಿಡಿ. ಎರಡು ಹಾಸಿಗೆಗಳನ್ನು ಹಾಡುವವರ ಬೆನ್ನ ಹಿಂದೆ ನಿಲ್ಲಿಸಿ. ಹೆಚ್ಚಿನ ಮೈಕುಗಳು ಮುಂದಿನಿಂದ ಬಂದದ್ದನ್ನೇ ಜಾಸ್ತಿ ಹಿಡಿಯುತ್ತವೆ, ಆ ಮುಂದೆ ಅನ್ನುವುದರಲ್ಲಿ ಹಾಡುವವರೂ ಇದ್ದಾರೆ, ಅವರ ಹಿಂದಿನ ಗೋಡೆಯೂ ಇದೆ. ಮೊಟ್ಟೆ ಟ್ರೇ ಅಂಟಿಸುವವರಿದ್ದಾರೆ, ಸುಮ್ನೆ ದಂಡ. ತೆಳು ಕಾಗದ ಎಂತ ತಡೆಯುತ್ತದೆ?

ಮಳೆಗೆ ಮಾತ್ರ ಮದ್ದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಂಚಿನ ಮೇಲೆ, ಅದಕ್ಕಿಂತ ಜೋರಾಗಿ ತಾರಸಿಗೆ ಹಾಕಿದ ಶೀಟಿನ ಮೇಲೆ ಮಳೆ ಬೀಳುವಾಗ ಲ್ಯಾಪ್‌ಟಾಪ್ ಮುಚ್ಚಿ ಚಾ ಕುಡಿಯಿರಿ. ಮಳೆ ನಿಂತರೆ ಕಪ್ಪೆ ಶುರು, ಅದು ಬೇರೆ ಕತೆ.

ಸಾಮಾನು

ಲ್ಯಾಪ್‌ಟಾಪ್ ಹಳೆಯದಾದರೂ ನಡೆಯುತ್ತದೆ, ನಾಲ್ಕೈದು ಟ್ರ್ಯಾಕಿಗೆ (ಒಂದೊಂದು ದನಿ, ವಾದ್ಯವನ್ನು ಬೇರೆ ಬೇರೆ ಹಿಡಿದದ್ದು) 8 ಜಿಬಿ ರ‍್ಯಾಮ್ ಧಾರಾಳ. ಮೈಕನ್ನು ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿಗೆ ಸಿಕ್ಕಿಸಬೇಡಿ, ನಡುವೆ ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಅರ್ಥವಾಗುವ ಹಾಗೆ ಬದಲಿಸುವ ಪೆಟ್ಟಿಗೆ, ಅಂದರೆ ಆಡಿಯೊ ಇಂಟರ್‌ಫೇಸ್ ಬೇಕು. ಒಂದು ಮೈಕ್ ಹಾಕುವಂಥದ್ದು ಸಾಧಾರಣ ನಾಲ್ಕೈದು ಸಾವಿರದಿಂದ ಶುರುವಾಗುತ್ತದೆ. ಕಂಡೆನ್ಸರ್ ಮೈಕ್ ಆದರೆ ಅದರಲ್ಲಿ ಮೈಕಿಗೆ ಬೇಕಾದ ಕರೆಂಟು ಕೊಡುವ 48 ವೋಲ್ಟಿನ ಫ್ಯಾಂಟಮ್ ಪವರ್ ಗುಂಡಿ ಇದೆಯಾ ನೋಡಿ. ಆ ಗುಂಡಿ ಒತ್ತದೆ ಮೈಕ್ ಹಾಳಾಗಿದೆ ಅಂತ ನಾನೇ ಅಂಗಡಿಗೆ ಹೊತ್ತುಕೊಂಡು ಹೋದದ್ದುಂಟು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಒಂದು ಬೇಕು, ಬ್ಲೂಟೂತಿನದ್ದು ಬೇಡ, ಅದರಲ್ಲಿ ಸದ್ದು ತಡವಾಗಿ ಬರುತ್ತದೆ. ಕಸೂತಿ ಹಾಕುವ ರಿಂಗಿಗೆ ತೆಳು ಬಟ್ಟೆ ಎಳೆದು ಕಟ್ಟಿ ಮೈಕಿನ ಮುಂದೆ ಹಿಡಿದರೆ ಪಕಾರ, ಬಕಾರಗಳ ಧಡ್ ಅನ್ನುವ ಗಾಳಿ ನಿಲ್ಲುತ್ತದೆ. ಮಳೆಗಾಲದಲ್ಲಿ ಮೈಕನ್ನು ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ನಮ್ಮ ಕರಾವಳಿಯಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ ಅಲ್ವಾ.

ತಂತ್ರಾಂಶಕ್ಕೆ ದುಡ್ಡು ಹಾಕಬೇಡಿ. ಒಬ್ಬರ ಹಾಡಿಗೆ ಉಚಿತವಾಗಿ ಸಿಗುವ ಆಡಾಸಿಟಿ ಸಾಕು. ಬೇರೆ ಬೇರೆ ಟ್ರ್ಯಾಕ್ ಸೇರಿಸುವುದಾದರೆ ರೀಪರ್ ಅನುಕೂಲ, 60 ದಿನ ಪುಕ್ಕಟೆ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಲೈಸೆನ್ಸಿಗೆ 60 ಡಾಲರ್.

ಈಗ ಹಾಡು

ತಂತ್ರಾಂಶದಲ್ಲಿ 44,100 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯಬೇಕು), 24 ಬಿಟ್ (ಪ್ರತಿ ಅಳತೆ ಎಷ್ಟು ಸೂಕ್ಷ್ಮ) ಅಂತ ಸೆಟ್ ಮಾಡಿ. ಒಂದು ಟ್ರ್ಯಾಕಿನ ಒಂದು ನಿಮಿಷಕ್ಕೆ ಸುಮಾರು 8 ಎಂಬಿ ಹೋಗುತ್ತದೆ, ಅಷ್ಟೆ. ಹಾಡಿನಲ್ಲಿ ದನಿ ಎಲ್ಲಿ ಮೇಲೇರುತ್ತದೋ ಆ ಸಾಲನ್ನೇ ಮೊದಲು ಹಾಡಿಸಿ, ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್ ಆಸುಪಾಸು ಇರುವ ಹಾಗೆ ಗೇನ್ (ಮೈಕಿನ ಸದ್ದು ಏರಿಸಿ ಇಳಿಸುವ ಇಂಟರ್‌ಫೇಸಿನ ಗುಂಡಿ) ತಿರುಗಿಸಿ. ಮೆಲ್ಲಗೆ ಬಂದದ್ದನ್ನು ಆಮೇಲೆ ಏರಿಸಬಹುದು, ಸೊನ್ನೆ ದಾಟಿ ಒಡೆದ ದನಿಯನ್ನು ಸರಿ ಮಾಡಲು ಆಗುವುದಿಲ್ಲ. ಗುಂ ಅನ್ನುವ ಸದ್ದು ಹೋಗುತ್ತಲೇ ಇಲ್ಲವಾದರೆ ಚಾರ್ಜರ್ ಕಿತ್ತು ನೋಡಿ, ಅದು ಹೆಚ್ಚಾಗಿ ಮನೆಯ ಕರೆಂಟಿನ 50 ಹರ್ಟ್ಸ್ ಆಗಿರುತ್ತದೆ. ಹಾಡುವವರಿಗೆ ತಮ್ಮ ದನಿ ತಡವಾಗಿ ಕೇಳಿಸಿದರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ, ಆಗ ದನಿ ಲ್ಯಾಪ್‌ಟಾಪ್ ಸುತ್ತಿ ಬರದೆ ನೇರ ಹೆಡ್‌ಫೋನಿಗೆ ಬರುತ್ತದೆ.

ಭಜನೆ ಮಂಡಳಿಯವರು ಕೇಳುತ್ತಾರೆ, ನಮಗೆಲ್ಲ ಒಂದೇ ಮೈಕ್ ಸಾಕಾ ಅಂತ. ಸಾಕು, ಆದರೆ ಯಾರನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದೇ ಮಿಕ್ಸಿಂಗ್, ಅಂದರೆ ಯಾರ ಸದ್ದು ಎಷ್ಟು ಅಂತ ಹದ ಮಾಡುವುದು. ಮೊದಲ ಸಲ ನಮ್ಮಲ್ಲಿ ತಾಳದವರು ಮೈಕಿನ ಪಕ್ಕ ಕೂತು ಮೂರೂವರೆ ನಿಮಿಷ ಬರೀ ಚಿಣ್ ಚಿಣ್. ಎರಡನೇ ಸಲ ಅವರನ್ನು ಹೊಸ್ತಿಲಿನಾಚೆ ಕೂರಿಸಿದೆವು, ತಬಲಾ ಸ್ವಲ್ಪ ಹಿಂದೆ, ಹಾಡುವವರು ಮುಂದೆ. ಎಲ್ಲ ತಾವಾಗಿಯೇ ಕೂಡಿ ಬಂತು. ಚೆಂಡೆಯಾದರೆ ಅಂಗಳವೇ ಸರಿ.

ಒಂದೊಂದೇ ಟ್ರ್ಯಾಕ್ ಮಾಡುವುದಾದರೆ ಹಾರ್ಮೋನಿಯಂ ಮೊದಲು. ಅದನ್ನು ಕೂತಲ್ಲೇ ಶ್ರುತಿ ತಿರುಗಿಸಲು ಬರುವುದಿಲ್ಲ, ಹಳೆ ಪೆಟ್ಟಿಗೆಗಳು ಸ್ವಲ್ಪ ಆಚೀಚೆ ಇರುತ್ತವೆ. ಹಾಗಾಗಿ ತಂಬೂರಿ ಆ್ಯಪನ್ನು ಅದಕ್ಕೆ ಹೊಂದಿಸಿ, ಅದನ್ನು ಆ್ಯಪಿಗಲ್ಲ.

ಎಲ್ಲ ಮುಗಿದ ಮೇಲೆ ದನಿಯಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ಸದ್ದನ್ನು ತಂತ್ರಾಂಶದಲ್ಲಿ ಕತ್ತರಿಸಿ, ರಿವರ್ಬ್ (ದೊಡ್ಡ ಸಭಾಂಗಣದಲ್ಲಿ ಹಾಡಿದ ಹಾಗಿನ ಅನುರಣನ) ಚಿಟಿಕೆ ಹಾಕಿ, ಮೊಬೈಲಿನಲ್ಲೂ ಕಾರಿನಲ್ಲೂ ಕೇಳಿ ನೋಡಿ.

ಅಂದ ಹಾಗೆ, ನಮ್ಮ ಒಳ್ಳೆ ಟೇಕ್ ಸಿಕ್ಕಿದ್ದು ಕರೆಂಟು ಹೋದ ಒಂದು ರಾತ್ರಿ. ಫ್ಯಾನಿಲ್ಲ, ಫ್ರಿಜ್ಜಿಲ್ಲ, ಪಕ್ಕದ ಮನೆಯ ಟಿವಿಯೂ ಇಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿತ್ತು, ಇಂಟರ್‌ಫೇಸಿಗೆ ಅದರದ್ದೇ ಯುಎಸ್‌ಬಿ ಸಾಕಾಯಿತು. ಅತ್ತೆ ಬೆವರು ಒರೆಸಿಕೊಳ್ಳುತ್ತಲೇ ಹಾಡಿದರು. ಮೂರನೇ ಚರಣದಲ್ಲಿ ದೂರದಲ್ಲೊಂದು ನಾಯಿ ಬೊಗಳಿದ್ದು ಇವತ್ತಿಗೂ ಅದರಲ್ಲಿದೆ, ತೆಗೆಯಬೇಡ ಅಂದರು ಅತ್ತೆ.