ಬುಲೆಟ್ಟಿನ ಹಿಂದಿನ ಸೀಟಿನ ಜಾಗದಲ್ಲಿ ಒಂಬತ್ತು ಲೀಟರ್

ಲಡಾಖ್ ದಾರಿಗೆ ಅಂತ ನನ್ನ ಬುಲೆಟ್ ಬೈಕಿನ ಹಿಂದಿನ ಸೀಟಿನ ಜಾಗದಲ್ಲಿ ಎರಡನೇ ಪೆಟ್ರೋಲ್ ಟ್ಯಾಂಕ್ ಕೂರಿಸಿದ್ದೇನೆ. ಪಂಪ್ ಬೇಡ, ವೈರಿಂಗ್ ಬೇಡ, ಅದರ ಪೆಟ್ರೋಲ್ ತಾನಾಗೇ ಕಾರ್ಬ್ಯುರೇಟರಿಗೆ (ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಬೆರೆಸಿ ಕೊಡುವ ಭಾಗ) ಇಳಿಯಬೇಕು. ನನ್ನ ಹಠ ಇಷ್ಟೇ. ಹುಬ್ಬಳ್ಳಿಯ ಗೆಳೆಯರಲ್ಲಿ ಒಬ್ಬನೂ ಒಪ್ಪಲಿಲ್ಲ. "ಎರಡ ಕ್ಯಾನ್ ಕಟಗೊಂಡ ಹೋಗಲೇ, ಇದೆಲ್ಲಾ ಯಾಕ ಬೇಕು?" ಅಂದರು. ವೆಲ್ಡಿಂಗ್ ಶೆಡ್ಡಿನ ಕಾಕಾ ಇನ್ನೂ ಖಡಕ್ಕಾಗಿ ಹೇಳಿದರು: "ಸರ, ಇದು ನಡಿಯೂದಿಲ್ರೀ. ಬುಲೆಟ್ಟಿನ ನಡುಗಕ್ಕ ಜೋಡ ಬಿಚ್ಚತೈತಿ." ಈಗ ಅದೇ ಟ್ಯಾಂಕ್ ಮನಾಲಿಯಿಂದ ಲೇಹ್‌ಗೆ ಹೋಗಿ, ಲಡಾಖಿನ ಹಾನ್ಲೆ ಊರು ನೋಡಿಕೊಂಡು, ಒಂದು ಹನಿ ಸೋರದೆ ವಾಪಸ್ ಬಂದಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಬುಲೆಟ್ ಅಂದರೆ ಕಾರ್ಬ್ಯುರೇಟರ್ ಕಾಲದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಟ್ಯಾಂಕ್ 13.5 ಲೀಟರ್. ನಮ್ಮ ಹೈವೇಯಲ್ಲಿ ಲೀಟರಿಗೆ ಸುಮಾರು 33–34 ಕಿಲೋಮೀಟರ್ ಕೊಡುತ್ತದೆ. ಸಾಮಾನು ಹೇರಿಕೊಂಡು ಲಡಾಖ್ ಹತ್ತಿದರೆ 27ಕ್ಕೆ ಇಳಿಯುತ್ತದೆ. ಮನಾಲಿ–ಲೇಹ್ ದಾರಿಯ ತಾಂಡಿಯ ಪೆಟ್ರೋಲ್ ಪಂಪಿನ ಬೋರ್ಡು ನೀವೂ ನೋಡಿರುತ್ತೀರಿ: ಮುಂದಿನ ಪಂಪ್ 365 ಕಿಲೋಮೀಟರ್. 13.5 ಗುಣಿಸು 27 ಎಷ್ಟು? ಅಷ್ಟೇ, 365ರ ಹತ್ತಿರ. ಒಂದು ಕಡೆ ರಸ್ತೆ ಕುಸಿದು ಎಂಜಿನ್ ಆನ್ ಇಟ್ಟು ಕಾದರೂ ಲೆಕ್ಕ ತಪ್ಪುತ್ತದೆ.

ಕ್ಯಾನ್ ಯಾಕೆ ಬೇಡ ಅನ್ನುವುದಕ್ಕೆ ಕಾರಣ ಇದೆ. ಮನಾಲಿ 2,000 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಟ್ಟಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಕ್ಯಾನ್ ಅದೇ ದಾರಿಯ ಸರ್ಚುಗೆ ಬರುವಷ್ಟರಲ್ಲಿ 4,200 ಮೀಟರ್ ದಾಟಿರುತ್ತದೆ. ಹೊರಗಿನ ಗಾಳಿಯ ಒತ್ತಡ ಕಡಿಮೆ, ಒಳಗೆ ಆವಿ ತುಂಬಿಕೊಂಡಿರುತ್ತದೆ. ಮುಚ್ಚಳ ತಿರುಗಿಸಿದರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಜೊತೆಗಿದ್ದ ಗೆಳೆಯನಿಗೆ ಹೀಗೇ ಆಯಿತು, ಜಾಕೆಟ್ ಪೂರ್ತಿ ವಾಸನೆ. ಗಾಳಿಯಲ್ಲಿ, ಬಿಸಿ ಎಂಜಿನ್ ಪಕ್ಕ, ಕೈ ಮರಗಟ್ಟಿರುವಾಗ ಪೆಟ್ರೋಲ್ ಸುರಿಯುವುದು ಸುಮ್ನೆ ಅಪಾಯ. ಕಾನೂನನ್ನೂ ನೋಡಿದ್ದೇನೆ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದೆ 30 ಲೀಟರ್ ತನಕ ಲೈಸೆನ್ಸ್ ಬೇಡ, ಆದರೆ ಲೋಹದ ಡಬ್ಬಿಯಾದರೆ ಒಂದೊಂದೂ 25 ಲೀಟರ್, ಗಾಜು ಇಲ್ಲವೇ ಮಣ್ಣಿನ ಜಾಡಿಯಾದರೆ ಒಂದು ಲೀಟರ್ ಮೀರಬಾರದು. ಪ್ಲಾಸ್ಟಿಕ್ ಕ್ಯಾನಿನ ಹೆಸರೇ ಅದರಲ್ಲಿಲ್ಲ.

ಮೊದಲು ಗುಜರಿಯಿಂದ ಹಳೇ 100 ಸಿಸಿ ಗಾಡಿಯ ಟ್ಯಾಂಕ್ ತಂದೆ. ನಾನೂರೋ ಐನೂರೋ ಕೊಟ್ಟ ನೆನಪು. ಹೊರಗೆ ಚೆನ್ನಾಗಿತ್ತು, ಒಳಗೆಲ್ಲ ತುಕ್ಕು. ನಟ್-ಬೋಲ್ಟ್ ಹಾಕಿ ಅಲ್ಲಾಡಿಸಿ ತೊಳೆದೆ, ಆ್ಯಸಿಡ್ ಹಾಕಿದೆ. ಆಮೇಲೂ ಕಂದು ಪುಡಿ ನಿಲ್ಲಲಿಲ್ಲ. ಫಿಲ್ಟರ್ ಇದ್ದರೂ ಕಾರ್ಬ್ಯುರೇಟರಿನ ಪೈಲಟ್ ಜೆಟ್ ಅನ್ನುವ ಸಣ್ಣ ತೂತು ಕಟ್ಟಿಕೊಳ್ಳುತ್ತಿತ್ತು. ಜೊತೆಗೆ ಅದರ ಹೊಟ್ಟೆಯಲ್ಲಿ ಫ್ರೇಮ್ ಕೂರಲು ಬಿಟ್ಟ ಸಂದು ಇರುತ್ತದಲ್ವಾ, ಅದರಿಂದ ಎರಡು ಲೀಟರ್ ಒಂದು ಪಕ್ಕದಲ್ಲೇ ಉಳಿದುಬಿಡುತ್ತಿತ್ತು. ಬೇರೆ ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ಕೂರಿಸೋಣ ಅಂದರೆ ಪೆಟ್ರೋಲ್ ಕುಡಿದ ಟ್ಯಾಂಕಿಗೆ ಯಾರೂ ವೆಲ್ಡಿಂಗ್ ಟಾರ್ಚ್ ಹಿಡಿಯುವುದಿಲ್ಲ. ಹಿಡಿಯಲೂಬಾರದು. ನೀರು ತುಂಬಿಸಿ ಮಾಡುವವರಿದ್ದಾರೆ. ನನಗೆ ಆ ಧೈರ್ಯ ಬೇಡ ಅನಿಸಿತು.

ಎರಡನೆಯದು ಅಲ್ಯುಮಿನಿಯಂ, 2 ಎಂಎಂ ಶೀಟ್, ಆರ್ಗಾನ್ ವೆಲ್ಡಿಂಗ್. ಮೂರೂವರೆ ಸಾವಿರ ಹೋಯಿತು. ನೋಡಲು ಎಷ್ಟು ಚಂದ ಇತ್ತು ಅಂದರೆ ಮನೆಯಲ್ಲಿ ಟೇಬಲ್ ಮೇಲಿಟ್ಟು ಎಲ್ಲರಿಗೂ ತೋರಿಸಿದ್ದೆ. ತೂಕ ಎರಡು ಕಿಲೋ ಕೂಡ ಇರಲಿಲ್ಲ. ಇದನ್ನು ಹಾಕಿಕೊಂಡು ಕೆಲವು ವಾರ ಓಡಿಸಿದ ಮೇಲೆ ಟ್ಯಾಂಕನ್ನು ನಿಲ್ಲಿಸುವ ಕಾಲಿನ ಪಟ್ಟಿ ಬೆಸೆದ ಜಾಗದಲ್ಲಿ ಕೂದಲೆಳೆ ಬಿರುಕು ಬಂತು. ಬೆಳಿಗ್ಗೆ ನೋಡಿದರೆ ಮಡ್‌ಗಾರ್ಡ್ ಮೇಲೆ ಒದ್ದೆ ಗೆರೆ. ಪೇಂಟ್ ಎದ್ದು ಬಂದಿತ್ತು. ಎಪಾಕ್ಸಿ ಪುಟ್ಟಿ ಮೆತ್ತಿ ನೋಡಿದೆ. ಈಗಿನ ಎಥೆನಾಲ್ ಪೆಟ್ರೋಲಿಗೆ ಅದು ಮೆತ್ತಗಾಗಿ ಉಗುರಲ್ಲೇ ಎದ್ದು ಬಂತು. ಕಾಕಾ ನಕ್ಕರು. ಅವರು ಹೇಳಿದ್ದು ಬಿರುಕಿನ ಮಟ್ಟಿಗೆ ಸರಿ. ಆದರೆ ಬಿರುಕು ಬಂದದ್ದು ಟ್ಯಾಂಕಿನ ಮೈಯಲ್ಲಲ್ಲ, ಕಾಲು ಬೆಸೆದ ಜಾಗದಲ್ಲಿ. ಅಂದರೆ ಟ್ಯಾಂಕಿಗೆ ಕಾಲನ್ನೇ ಬೆಸೆಯಬಾರದು. ಟ್ಯಾಂಕ್ ಸುಮ್ಮನೆ ತೊಟ್ಟಿಲಿನಂಥ ಚೌಕಟ್ಟಿನಲ್ಲಿ ಕೂತಿರಬೇಕು, ನಡುಗೋದೆಲ್ಲ ತೊಟ್ಟಿಲೇ ತಿನ್ನಬೇಕು. ಇದು ಹೊಳೆದ ಮೇಲೆ ಅರ್ಧ ಕೆಲಸ ಮುಗಿದಂತೆಯೇ.

ಮೂರನೆಯದೇ ಈಗ ಇರುವುದು. 304 ಸ್ಟೇನ್‌ಲೆಸ್ ಸ್ಟೀಲ್, 1.5 ಎಂಎಂ. ಉದ್ದ 30 ಸೆಂಟಿಮೀಟರ್, ಅಗಲ 22, ಎತ್ತರ 15. ಲೆಕ್ಕಕ್ಕೆ 9.9 ಲೀಟರ್, ನಾನು ತುಂಬಿಸುವುದು ಒಂಬತ್ತೇ. ಪೆಟ್ರೋಲ್ ಹತ್ತು ಡಿಗ್ರಿ ಬಿಸಿಗೆ ನೂರರಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಏಪ್ರಿಲ್–ಮೇ ಬಿಸಿಲಲ್ಲಿ ಕಲಬುರಗಿ ಕಡೆ ಗಾಡಿ ನಿಲ್ಲಿಸಿದರೆ ಆ ಖಾಲಿ ಜಾಗ ಬೇಕೇ ಬೇಕು. ಖಾಲಿ ತೂಕ ನಾಲ್ಕು ಕಿಲೋ, ಪೆಟ್ರೋಲ್ ಆರೂಮುಕ್ಕಾಲು. ಹಿಂದೆ ಒಬ್ಬರು ಕೂರುವ ಜಾಗಕ್ಕೆ ಹನ್ನೊಂದು ಕಿಲೋ ಏನೂ ಅಲ್ಲ.

ಒಳಗೆ ಎರಡು ಅಡ್ಡ ತಗಡುಗಳಿವೆ. ಅವಿಲ್ಲದಿದ್ದರೆ ಬ್ರೇಕ್ ಹಿಡಿದಾಗ ಪೆಟ್ರೋಲ್ ಧಡ್ ಅಂತ ಮುಂದಕ್ಕೆ ಬಡಿಯುವುದು ಸೊಂಟಕ್ಕೇ ಗೊತ್ತಾಗುತ್ತದೆ. ತಗಡಿನಲ್ಲಿ ತೂತು ಎಲ್ಲಿ, ಎಷ್ಟು ದೊಡ್ಡದು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ತುಂಬಾ ತಲೆ ಓಡಿಸಿದ್ದೇನೆ.

ಸೋರಿಕೆ ನೋಡುವಾಗ ಪಂಕ್ಚರ್ ಅಂಗಡಿ ಕಂಪ್ರೆಸರ್ ಹತ್ತಿರ ಹೋಗಬೇಡಿ. ಗೆಳೆಯನೊಬ್ಬನ ಟ್ಯಾಂಕ್ ಅಲ್ಲಿ ಪೂರಿ ಥರ ಉಬ್ಬಿಹೋಯಿತು. ಚಪ್ಪಟೆ ತಗಡಿಗೆ ಬರೀ 3 ಪಿಎಸ್‌ಐ ಕೊಟ್ಟರೂ ನನ್ನ ಅಳತೆಯ ಮೇಲ್ಭಾಗದ ಮೇಲೆ ನೂರನಲವತ್ತು ಕಿಲೋ ಭಾರ ಬೀಳುತ್ತದೆ. ಸೈಕಲ್ ಪಂಪ್, ಎರಡೇ ಎರಡು ಹೊಡೆತ, ಸೋಪಿನ ನೀರು. ನನ್ನದರಲ್ಲಿ ಕಾಕ್ ಬುಡದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಕಾಕಾ ಅಲ್ಲೇ ಒಂದು ಚುಕ್ಕೆ ಇಟ್ಟರು, ನಿಂತಿತು.

ತೊಟ್ಟಿಲನ್ನು ಹಿಂದಿನ ಸೀಟಿನ ಬೋಲ್ಟುಗಳಿಗೇ ಹಾಕಿದೆ. ಫ್ರೇಮಿಗೆ ಒಂದು ಚುಕ್ಕೆಯೂ ವೆಲ್ಡ್ ಇಲ್ಲ. ಊರಿಗೆ ಬಂದ ಮೇಲೆ ಹತ್ತು ನಿಮಿಷದಲ್ಲಿ ಬಿಚ್ಚಿ ಸೀಟ್ ಹಾಕುತ್ತೇನೆ. ಕೆಳಗೆ ದಪ್ಪ ರಬ್ಬರ್, ಮೇಲೆ ಎರಡು ಪಟ್ಟಿ. ಎಂಥ ರಬ್ಬರ್ ಅಂತ ಕೇಳುವವರಿಗೆ: ಅದು ಬೈಕ್ ಅಂಗಡಿಯಲ್ಲಿ ಸಿಗುವುದಲ್ಲ. ಅಷ್ಟು ಸಾಕು.

ಈಗ ಎಲ್ಲರೂ ಅನುಮಾನ ಪಟ್ಟ ವಿಷಯಕ್ಕೆ ಬರೋಣ. ಟ್ಯಾಂಕಿನ ತಳ ಕಾರ್ಬ್ಯುರೇಟರಿಗಿಂತ ಮೇಲಿದೆ, ಸಮತಟ್ಟಿನಲ್ಲಿ ಪೆಟ್ರೋಲ್ ಇಳಿಯುತ್ತದೆ. ಲೀಟರ್ ಬಾಟಲಿ ಹಿಡಿದು ಗಡಿಯಾರ ನೋಡಿ ಅಳೆದೆ: ನಿಮಿಷಕ್ಕೆ ಕಾಲು ಲೀಟರ್ ಹತ್ತಿರ. 80ರಲ್ಲಿ ಓಡುವ ಗಾಡಿಗೆ ನಿಮಿಷಕ್ಕೆ 45 ಎಂಎಲ್ ಸಾಕು. ಧಾರಾಳ ಆಯಿತು ಅಂದುಕೊಂಡು ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿದೆ. ವಾಪಸ್ ಅರಬೈಲ್ ಘಾಟಿ ಹತ್ತುವಾಗ ಎರಡು ಲೀಟರ್ ಉಳಿದಿರುವಂತೆಯೇ ಗಾಡಿ ಎಳೆಯಲಾರದೆ ಕೆಮ್ಮತೊಡಗಿತು. ಕಾರಣ ಸರಳ. ಏರಿನಲ್ಲಿ ಮುಂದಿನ ಚಕ್ರ ಮೇಲೆ, ಹಿಂದಿನದು ಕೆಳಗೆ. ಹಿಂದೆ ಕೂತ ಟ್ಯಾಂಕ್ ಕಾರ್ಬ್ಯುರೇಟರಿನ ಮಟ್ಟಕ್ಕೇ ಇಳಿದುಬಿಡುತ್ತದೆ.

ಮನೆಯ ಮುಂದಿನ ಕಟ್ಟೆಗೆ ಹಲಗೆ ಇಟ್ಟು ಮುಂದಿನ ಚಕ್ರವನ್ನು ಒಂದಡಿ ಹತ್ತಿರ ಎತ್ತಿ ನಿಲ್ಲಿಸಿದೆ. ಐದಕ್ಕೆ ಒಂದರ ಏರು ಅಂದರೆ ಕ್ಲಾಸಿಕ್‌ನ ಎರಡು ಚಕ್ರಗಳ ನಡುವಿನ ಅಂತರಕ್ಕೆ ಅಷ್ಟೇ ಬರುತ್ತದೆ. ಎರಡು ಲೀಟರ್ ಉಳಿದಿದ್ದಾಗ ನಿಮಿಷಕ್ಕೆ 40 ಕೂಡ ಬರಲಿಲ್ಲ. ಆಗ ಎಲ್ಲರೂ ಶುರು ಮಾಡಿದರು: ನೋಡು, ಪಂಪ್ ಬೇಕೇ ಬೇಕು. ಸರಿ, ಅದನ್ನೂ ನೋಡಿಬಿಡೋಣ ಅಂತ ಒಂಬೈನೂರು ರೂಪಾಯಿಯ 12 ವೋಲ್ಟ್ ಪಂಪ್ ತಂದೆ. ಅದರ ಒತ್ತಡಕ್ಕೆ, ಕಾರ್ಬ್ಯುರೇಟರ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಫ್ಲೋಟಿನ ಸೂಜಿ ತಡೆಯಲಿಲ್ಲ. ಕಾರ್ಬ್ಯುರೇಟರ್ ತುಂಬಿ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಧಾರೆ. ಇದು ಗ್ರಾವಿಟಿಗೆ ಮಾಡಿದ ಕಾರ್ಬ್ಯುರೇಟರ್, ಅದಕ್ಕೆ ಇಷ್ಟು ಒತ್ತಡದ ಪಂಪ್ ಹೊಂದುವುದಿಲ್ಲ. ಆ ಪಂಪ್ ಈಗ ಮನೆಯಲ್ಲಿ ಎಕ್ವೇರಿಯಂ ಪಕ್ಕ ಬಿದ್ದಿದೆ.

ಪರಿಹಾರ ಬಹಳ ಅಗ್ಗದ್ದು. ತೊಟ್ಟಿಲನ್ನು ಎರಡು ಇಂಚು ಎತ್ತರಿಸಿದೆ. ಪೈಪನ್ನು 6 ಎಂಎಂ ಬದಲು 8 ಎಂಎಂ ಮಾಡಿ, ಎಲ್ಲೂ ಮೇಲೆ ಹೋಗಿ ಕೆಳಗೆ ಬರದಂತೆ ಒಂದೇ ಇಳಿಜಾರಿನಲ್ಲಿ ತಂದೆ. ಮೇಲೆ ಹೋದ ಕಡೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಮತ್ತೆ ಹಲಗೆ ಮೇಲೆ ಹತ್ತಿಸಿದರೆ ಕೊನೆಯ ಅರ್ಧ ಲೀಟರಿಗೂ ನಿಮಿಷಕ್ಕೆ ನೂರರ ಮೇಲೆ ಬಂತು. ಅರಬೈಲ್ ಮತ್ತೆ ಹತ್ತಿದೆ. ಕೆಮ್ಮಿಲ್ಲ.

ಪೈಪ್ ವಿಷಯದಲ್ಲಿ ಕಂಜೂಸಿ ಬೇಡ. ಒಳಗೆ ಪೆಟ್ರೋಲ್ ಹೋಗೋದು ಕಾಣುತ್ತದೆ ಅಂತ ಕೆಲವರು ಪಾರದರ್ಶಕ ಪೈಪ್ ಹಾಕುತ್ತಾರೆ. ಎರಡೇ ತಿಂಗಳಲ್ಲಿ ಹಳದಿಯಾಗಿ ಕಡ್ಡಿಯಂತಾಗುತ್ತದೆ. ಎಥೆನಾಲ್ ತಡೆಯುವ ಪೆಟ್ರೋಲ್ ಹೋಸ್ ಮೀಟರಿಗೆ ಮುನ್ನೂರು ಚಿಲ್ಲರೆ ಆಯಿತು, ಇವತ್ತಿಗೂ ಮೆತ್ತಗಿದೆ.

ಎರಡು ಟ್ಯಾಂಕನ್ನು T ಆಕಾರದ ಪೈಪ್ ತುಂಡು ಹಾಕಿ ಸೇರಿಸಬೇಡಿ. ಎರಡೂ ಕಾಕ್ ತೆರೆದಿದ್ದರೆ ಎತ್ತರದಲ್ಲಿರುವ ಪೆಟ್ರೋಲ್ ಕೆಳಗಿನದಕ್ಕೆ ನುಗ್ಗಿ, ಟ್ಯಾಂಕಿಗೆ ಗಾಳಿ ಆಡಲು ಬಿಟ್ಟ ಪೈಪಿನಿಂದ ನೆಲಕ್ಕೆ ಹೋಗುತ್ತದೆ. ಇದು ಅಥವಾ ಅದು, ಒಂದೇ ತೆರೆಯುವ ಮೂರು ಬಾಯಿಯ ಕಾಕ್ ಹಾಕಿ. ಗಾಳಿ ಪೈಪ್ ಅಂತೂ ಟ್ಯಾಂಕಿಗಿಂತ ಮುಖ್ಯ. ಮುಚ್ಚಳದ ಸಣ್ಣ ತೂತು ಧೂಳಿಗೆ ಮುಚ್ಚಿಕೊಂಡರೆ ಪೆಟ್ರೋಲ್ ಇಳಿಯುವುದೇ ಇಲ್ಲ. ಸೈಡ್ ಸ್ಟ್ಯಾಂಡ್ ಹಾಕಿದಾಗ ಗಾಡಿ ಎಡಕ್ಕೆ ವಾಲುತ್ತದೆ, ಆದ್ದರಿಂದ ಪೈಪ್ ಟ್ಯಾಂಕಿನ ಬಲ ಮೇಲ್ಮೂಲೆಯಿಂದ ಹೊರಡಬೇಕು. ಆದರೆ ಬಲಗಡೆ ಸೈಲೆನ್ಸರ್ ಇದೆಯಲ್ಲ. ಅದಕ್ಕೆ ಅಲ್ಲಿಂದ ಒಂದು ಸುತ್ತು ಮೇಲಕ್ಕೆ ಹಾಕಿ, ಹಿಂದಕ್ಕೆ ಒಯ್ದು ನಂಬರ್ ಪ್ಲೇಟಿನ ಕೆಳಗೆ ಬಿಟ್ಟಿದ್ದೇನೆ. ತುದಿಯಲ್ಲಿ ಚೂರು ಸ್ಪಂಜು.

ತಾಂಡಿಯಲ್ಲಿ ಎರಡೂ ತುಂಬಿಸಿ ಹೊರಟೆ. ಹಿಂದಿನ ಭಾರ ಮೊದಲು ಕಡಿಮೆಯಾಗಲಿ ಅಂತ ಹಿಂದಿನ ಟ್ಯಾಂಕನ್ನೇ ಮೊದಲು ತೆರೆದೆ. ಬಾರಾಲಾಚಾ ಘಾಟಿ, ಗಾಟಾ ಲೂಪ್ಸ್‌ನ 21 ತಿರುವು, ಲಾಚುಲುಂಗ್ ಘಾಟಿ, ಈ ಏರೆಲ್ಲ ಹಿಂದಿನ ಟ್ಯಾಂಕಿನಲ್ಲೇ. ಮೋರೆ ಬಯಲು ಮುಗಿಯುವ ಹೊತ್ತಿಗೆ ಅದು ಖಾಲಿ. ಕಾಕ್ ತಿರುಗಿಸಿದೆ, ಗಾಡಿ ನಿಲ್ಲಿಸಲೂ ಇಲ್ಲ. ಮಧ್ಯೆ ತ್ಸೋ ಕಾರ್ ಸರೋವರಕ್ಕೂ ಹೋಗಿ ಬಂದೆ. ಕ್ಯಾನ್ ಕಟ್ಟಿಕೊಂಡವರು ಪೆಟ್ರೋಲ್ ಲೆಕ್ಕ ಹಾಕುತ್ತಾ ಹೈವೇಯಲ್ಲೇ ಮುಂದೆ ಹೋದರು. ತಂಗ್ಲಂಗ್ ಲಾ ಘಾಟಿ 5,300 ಮೀಟರ್ ದಾಟುತ್ತದೆ, ಅಲ್ಲಿ ಗಾಳಿ ಅರ್ಧಕ್ಕರ್ಧ. ಎಂಜಿನ್ ಏದುಸಿರು ಬಿಟ್ಟಿತು, ಪೆಟ್ರೋಲ್ ಹರಿವು ಬಿಡಲಿಲ್ಲ. ಲೇಹ್ ಹತ್ತಿರದ ಕಾರೂ ಪಂಪಿಗೆ ಬಂದಾಗ ದೊಡ್ಡ ಟ್ಯಾಂಕಿನಲ್ಲಿ ಇನ್ನೂ ಏಳೆಂಟು ಲೀಟರ್ ಇತ್ತು. ಅಲ್ಲಿಂದ ಹಾನ್ಲೆಗೆ ಹೋಗಿ ಮತ್ತೆ ಅದೇ ಪಂಪಿಗೆ ಬರುವ ತನಕ ಎಲ್ಲೂ ಬಾಟಲಿ ಪೆಟ್ರೋಲ್ ಕೇಳಲಿಲ್ಲ.

ಖರ್ಚು: ಕೊನೆಯ ಟ್ಯಾಂಕಿಗೆ ಶೀಟು, ಆರ್ಗಾನ್ ಕೂಲಿ, ಕಾಕ್, ಬೀಗದ ಮುಚ್ಚಳ, ಹೋಸ್ ಸೇರಿ ಐದು ಸಾವಿರದೊಳಗೆ. ಅದಕ್ಕೆ ಮುಂಚೆ ಹೋದದ್ದು ಇನ್ನೊಂದು ಐದು. ನೀವು ನೇರ ಮೂರನೆಯದನ್ನೇ ಮಾಡಿದರೆ ಆ ಐದು ಉಳಿಯುತ್ತದೆ.

ಇದೆಲ್ಲ ಕಾರ್ಬ್ಯುರೇಟರ್ ಗಾಡಿಗೆ. ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ಇಂಜೆಕ್ಷನ್ ಗಾಡಿಯಲ್ಲಿ ಪಂಪ್ ದೊಡ್ಡ ಟ್ಯಾಂಕಿನೊಳಗೇ ಇರುತ್ತದೆ, ಮಧ್ಯೆ ಕಾಕ್ ಹಾಕಲು ಬರುವುದಿಲ್ಲ. ಹಿಂದಿನದರಿಂದ ದೊಡ್ಡ ಟ್ಯಾಂಕಿಗೇ ತುಂಬಿಸಬೇಕು. ಗೆಳೆಯನ ಇಂಜೆಕ್ಷನ್ ಬೈಕ್ ಹಿಮಾಲಯನ್ 411ಕ್ಕೆ ಈಗ ಅದನ್ನೇ ಮಾಡುತ್ತಿದ್ದೇವೆ. ತಗಡು ಕತ್ತರಿಸಿ ಆಗಿದೆ. ಈ ಸಲ ಕಾಕಾ ಅಳತೆ ಕೇಳಿದರು, ನಡಿಯೂದಿಲ್ರೀ ಅನ್ನಲಿಲ್ಲ.