ಕುಳ್ಳ ನಳಿಗೆಯ ಮೋಹ

ಅಜ್ಜನ ಮನೆಯಲ್ಲಿ ಒಂದು ಜೋಡು ನಳಿಗೆ ಕೋವಿ ಇತ್ತು. ತೋಟಕ್ಕೆ ಹಂದಿ ನುಗ್ಗುತ್ತವೆ ಅಂತ ಬೆಳೆ ರಕ್ಷಣೆಗೆ ಲೈಸೆನ್ಸ್ ಮಾಡಿಸಿದ್ದು. ನನಗೆ ಬುದ್ಧಿ ಬರುವ ಹೊತ್ತಿಗೆ ಅದು ಮನೆ ಬಿಟ್ಟು ಹೊರಡುತ್ತಿದ್ದದ್ದು ಚುನಾವಣೆ ಬಂದಾಗ ಮಾತ್ರ, ಅದೂ ಠಾಣೆಯಲ್ಲಿ ಡಿಪಾಸಿಟ್ ಮಾಡಲು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನುವುದು ಅಜ್ಜನ ಬಾಯಲ್ಲಿ ಬರೀ ಕತೆಯಾಗಿ ಉಳಿದಿತ್ತು. ಹಾಗಾಗಿ ನಾನು ಮೊದಲ ಸಲ ಹಕ್ಕಿಗೆ ಈಡು ಹೊಡೆದದ್ದು ಮಲೆನಾಡಿನಲ್ಲಲ್ಲ, ಅಮೆರಿಕದ ಮಿನ್ನೆಸೋಟದಲ್ಲಿ.

ಇಲ್ಲಿ ಕಾನೂನಿನ ಒಂದು ಮಾತು. ಎಚ್‌-1ಬಿಯಂತಹ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಒಪ್ಪುವುದಿಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಆದರೂ ಸುಮ್ನೆ ಯಾಕೆ ರಗಳೆ ಅಂತ ನಾನು ಗ್ರೀನ್ ಕಾರ್ಡ್ ಬರುವವರೆಗೆ ಕಾದೆ. ಆಮೇಲೆ ಸುರಕ್ಷತಾ ತರಗತಿಗೆ ಹೋಗಿ ಸರ್ಟಿಫಿಕೇಟ್ ತೆಗೆದುಕೊಂಡೆ. 1979ರ ನಂತರ ಹುಟ್ಟಿದವರಿಗೆ ಅದಿಲ್ಲದೆ ಲೈಸೆನ್ಸ್ ಕೊಡುವುದಿಲ್ಲ.

ನಾವು ಹೋಗುವುದು ಗ್ರ್ಯಾಂಡ್ ರ‍್ಯಾಪಿಡ್ಸ್ ಕಡೆಯ ಕಾಡಿಗೆ, ರಫ್ಡ್ ಗ್ರೌಸ್ ಹುಡುಕಿಕೊಂಡು. ನಮ್ಮ ಗೌಜಲಹಕ್ಕಿಯ ದೊಡ್ಡಣ್ಣ ಅಂದುಕೊಳ್ಳಿ. ಆಸ್ಪೆನ್ ಮರ ಕಡಿದು ಹತ್ತು ಹದಿನೈದು ವರ್ಷವಾದ ಜಾಗ ಅದಕ್ಕೆ ಇಷ್ಟ. ಅಲ್ಲಿ ಎಳೆ ಮರಗಳು ಎಷ್ಟು ಒತ್ತಾಗಿ ಇರುತ್ತವೆ ಅಂದರೆ ಅಡ್ಡಡ್ಡ ನಡೆಯಬೇಕು. ಹಕ್ಕಿ ಕಾಲಬುಡದಿಂದ ಭರ್ರ್ ಅಂತ ಏಳುತ್ತದೆ. ಎದೆ ಧಸಕ್ ಅನ್ನುತ್ತದೆ. ಎರಡು ಸೆಕೆಂಡಿನಲ್ಲಿ ಅದು ಮಾಯ. ಈಡು ಏನಿದ್ದರೂ 15ರಿಂದ 25 ಗಜದ ಒಳಗೇ ಆಗಬೇಕು.

ಮೊದಲು ಗೆಳೆಯನ ಪಂಪ್ ಕೋವಿ, ಅಂದರೆ ಮುಂದಿನ ಹಿಡಿ ಹಿಂದೆ ಮುಂದೆ ಎಳೆದು ತೋಟಾ ಏರಿಸುವಂಥದ್ದು, ಎರವಲು ತಂದಿದ್ದೆ. 12 ಬೋರ್ (ನಳಿಗೆಯ ಒಳಗಲದ ಅಳತೆ, ನಂಬರ್ ದೊಡ್ಡದಾದಷ್ಟು ನಳಿಗೆ ಸಪೂರ), 28 ಇಂಚಿನ ನಳಿಗೆ. ತುದಿಯಿಂದ ತುದಿಗೆ 4 ಅಡಿ. ಎತ್ತಿದಾಗಲೆಲ್ಲ ಯಾವುದಾದರೂ ಕೊಂಬೆಗೆ ತಗುಲುತ್ತಿತ್ತು. ಇದಕ್ಕೆ ಕುಳ್ಳ ನಳಿಗೆಯೇ ಮದ್ದು ಅಂತ ತಲೆಯಲ್ಲಿ ಕೂತುಬಿಟ್ಟಿತು. 20 ಬೋರಿನ, 20 ಇಂಚು ನಳಿಗೆಯ ಕೋಚ್ ಗನ್ ಕೊಂಡೆ. ಹಿಂದೆ ಕುದುರೆಗಾಡಿಯ ಕಾವಲುಗಾರರು ಹಿಡಿಯುತ್ತಿದ್ದ ಜಾತಿಯದು. ನೋಡಲು ಮುದ್ದಾಗಿತ್ತು, ಕೊಂಬೆಗೂ ತಗುಲುತ್ತಿರಲಿಲ್ಲ. ಆದರೆ ಆ ಸೀಸನ್‌ನ ಲೆಕ್ಕ ಹೇಳಲು ನಾಚಿಕೆ: ಹತ್ತೊಂಬತ್ತು ತೋಟಾ, ಒಂದು ಹಕ್ಕಿ.

ಯಾಕೆ ಹೀಗೆ? ಮೂತಿಯಲ್ಲಿ ತೂಕವೇ ಇಲ್ಲ. ಹಕ್ಕಿಯ ಹಿಂದೆ ಕೋವಿ ಸರ್ರನೆ ಓಡುತ್ತದೆ, ಟ್ರಿಗರ್ ಎಳೆಯುವ ಹೊತ್ತಿಗೆ ಗಕ್ಕನೆ ನಿಂತುಬಿಡುತ್ತದೆ. ಚರೆ ಬಾಲದ ಹಿಂದೆ ಹೋಗುತ್ತದೆ. ಉದ್ದ ನಳಿಗೆಯ ಭಾರ ಆ ಓಟವನ್ನು ಮುಂದುವರಿಸಿಕೊಂಡು ಹೋಗುತ್ತದೆ ಅಂತ ಅವತ್ತಿನವರೆಗೆ ಗೊತ್ತಿರಲಿಲ್ಲ. ಸದ್ದು ಬೇರೆ, ಮೂತಿ ಕಿವಿಗೆ ಹತ್ತಿರ ಅಲ್ವಾ.

ಕುಳ್ಳ ನಳಿಗೆಯಲ್ಲಿ ಚರೆ ಜಾಸ್ತಿ ಹರಡುತ್ತದೆ ಅಂತಲೂ ನಂಬಿದ್ದೆ. ಒಂದು ಭಾನುವಾರ ದೊಡ್ಡ ಕಾಗದ ಕಟ್ಟಿ, 25 ಗಜದಿಂದ ಎರಡೂ ಕೋವಿ ಹೊಡೆದು ನೋಡಿದೆ. ನಳಿಗೆಯ ತುದಿಯನ್ನು ಒಳಗೆ ತುಸು ಕಿರಿದು ಮಾಡಿರುತ್ತಾರೆ, ಅದೇ ಚೋಕ್. ಎರಡರಲ್ಲೂ ಇಂಪ್ರೂವ್ಡ್ ಸಿಲಿಂಡರ್ ಅನ್ನುವ ಸಡಿಲ ಚೋಕ್. 30 ಇಂಚಿನ ವೃತ್ತ ಎಳೆದು ತೂತು ನೋಡಿದರೆ ಹರಡಿದ ಅಗಲ ಹೆಚ್ಚುಕಡಿಮೆ ಒಂದೇ. ಹರಡುವಿಕೆಯನ್ನು ತೀರ್ಮಾನಿಸುವುದು ಮೂತಿಯಲ್ಲಿರುವ ಚೋಕ್, ನಳಿಗೆಯ ಉದ್ದವಲ್ಲ. ವೇಗದಲ್ಲೂ ದೊಡ್ಡ ನಷ್ಟವಿಲ್ಲ. ನಳಿಗೆ ಒಂದು ಇಂಚು ಕುಳ್ಳಾದರೆ ವೇಗ ಸೆಕೆಂಡಿಗೆ 5ರಿಂದ 10 ಅಡಿ ಕಡಿಮೆಯಾಗಬಹುದು. 1200 ಅಡಿ ವೇಗದ ತೋಟಾದಲ್ಲಿ ಅದು ಹಕ್ಕಿಗೆ ಗೊತ್ತಾಗುವುದಿಲ್ಲ.

ಹಳೆಯ ಕೋವಿಯ ನಳಿಗೆ ಕತ್ತರಿಸಿದರೆ ಆಯ್ತಲ್ಲ ಅಂದವರೂ ಇದ್ದರು. ಚೋಕ್ ಇರುವುದೇ ಮೂತಿಯಲ್ಲಿ. ಕತ್ತರಿಸಿದರೆ ಮೊದಲು ಹೋಗುವುದೂ ಅದೇ. ಜೊತೆಗೆ ನಳಿಗೆ 18 ಇಂಚಿಗಿಂತ, ಅಥವಾ ಇಡೀ ಕೋವಿ 26 ಇಂಚಿಗಿಂತ ಕುಳ್ಳಾದರೆ 1934ರ ಫೆಡರಲ್ ಕಾಯ್ದೆಯ ಕೆಳಗೆ ಬರುತ್ತದೆ. ನೋಂದಣಿ ಇಲ್ಲದಿದ್ದರೆ ಅದು ದೊಡ್ಡ ಅಪರಾಧ. ಗರಗಸ ಮುಟ್ಟಬೇಡಿ.

ಕಣ್ಣು ತೆರೆಸಿದ್ದು ಕ್ಲೇ (ಗುರಿ ಅಭ್ಯಾಸಕ್ಕೆ ಗಾಳಿಯಲ್ಲಿ ಹಾರಿಸುವ ತಟ್ಟೆ) ಹೊಡೆಯುವ ಮೈದಾನದಲ್ಲಿ ಸಿಕ್ಕ ಒಬ್ಬ ಮುದುಕ. ಖಾಲಿ ಕೋವಿ ನಾಲ್ಕು ಸಲ ಎತ್ತಿಸಿದ. ನಾಲ್ಕೂ ಸಲ ಹಿಂಬದಿ ನನ್ನ ಜಾಕೆಟ್ಟಿನ ಕಂಕುಳಿಗೆ ಸಿಕ್ಕಿಕೊಂಡಿತು. ನಿನ್ನ ತೊಂದರೆ ಮುಂದಿಲ್ಲ, ಹಿಂದಿದೆ ಅಂದ. ಟ್ರಿಗರ್‌ನಿಂದ ಸ್ಟಾಕಿನ, ಅಂದರೆ ಹೆಗಲಿಗೆ ಒತ್ತುವ ಹಿಂಬದಿಯ, ತುದಿಗೆ ಸಾಮಾನ್ಯವಾಗಿ 14, 14¼ ಇಂಚು ಇಟ್ಟಿರುತ್ತಾರೆ. ನಾನು ಐದೂವರೆ ಅಡಿ, ಕೈಯೂ ಗಿಡ್ಡ. ಮೇಲೆ ಅಕ್ಟೋಬರ್ ಚಳಿಯ ದಪ್ಪ ಬಟ್ಟೆ. ಎರಡು ವರ್ಷ ಕೊಂಬೆಗಳನ್ನು ಬೈದದ್ದೇ ಬೈದದ್ದು!

ಕೋಚ್ ಗನ್ ಮಾರಿದೆ. ಸೆಕೆಂಡ್ ಹ್ಯಾಂಡ್ ಜೋಡು ನಳಿಗೆ ಒಂದನ್ನು ತಂದೆ. 20 ಬೋರ್, 26 ಇಂಚಿನ ನಳಿಗೆ, ತೂಕ 6 ಪೌಂಡಿನ ಆಸುಪಾಸು. ಸ್ಟಾಕನ್ನು 13½ ಇಂಚಿಗೆ ಇಳಿಸಿದ್ದು ಗನ್ ರಿಪೇರಿಯವನು. ಈಗ ಒಟ್ಟು ಉದ್ದ 42 ಇಂಚು. ಗೆಳೆಯನ ಪಂಪ್‌ಗಿಂತ ಅರ್ಧ ಅಡಿ ಕಡಿಮೆ, ಆದರೆ ನಳಿಗೆಯಲ್ಲಿ ಬರೀ 2 ಇಂಚು ವ್ಯತ್ಯಾಸ. ಜೋಡು ನಳಿಗೆಯಂತಹ ಮಡಚುವ ಕೋವಿಗೆ ನಳಿಗೆಯ ಹಿಂದೆ ಪಂಪಿನ ಹಾಗೆ ಉದ್ದನೆಯ ಹೊಟ್ಟೆ ಇಲ್ಲವಲ್ಲ. ಅಂಗಡಿಯಲ್ಲಿ ನಳಿಗೆಯ ಅಳತೆ ಕೇಳಬೇಡಿ, ಒಟ್ಟು ಉದ್ದ ಕೇಳಿ. ಚಳಿಯ ಜಾಕೆಟ್ ಹಾಕಿಕೊಂಡೇ ಹೋಗಿ. ನಾನು ಹಾಗೆ ಹೋದಾಗ ಸೆಕೆಯ ಆಗಸ್ಟ್, ಅಂಗಡಿಯವನು ವಿಚಿತ್ರವಾಗಿ ನೋಡಿದ.

ಮುಂದಿನ ಟ್ರಿಗರ್ ಬಲ ನಳಿಗೆಗೆ, ಸಡಿಲ ಚೋಕ್. ಹಿಂದಿನದು ಎಡಕ್ಕೆ, ತುಸು ಬಿಗಿ. ತೋಟಾದಲ್ಲಿ ಚರೆಯ ತೂಕ ⅞ ಔನ್ಸ್, ಚರೆಯ ಗಾತ್ರ ಏಳೂವರೆ ನಂಬರ್. ಅದರಲ್ಲಿ ಮುನ್ನೂರರಷ್ಟು ಚರೆ ಇರುತ್ತವೆ, ಇಷ್ಟು ಹತ್ತಿರಕ್ಕೆ ಧಾರಾಳ ಸಾಕು. ಎಡ ನಳಿಗೆಯ ತೋಟಾ ಬಹಳ ಸಲ ಹಾಗೆಯೇ ಮನೆಗೆ ವಾಪಸ್ ಬರುತ್ತದೆ. ಮೊದಲನೆಯದಕ್ಕೇ ಹಕ್ಕಿ ಬಿತ್ತು ಅಂತಲ್ಲ. ಬೆರಳು ಹಿಂದಿನ ಟ್ರಿಗರ್‌ಗೆ ಹೋಗುವಷ್ಟರಲ್ಲಿ ಅದು ಬಾಲ್ಸಮ್ ಮರದ ಆಚೆ ಇರುತ್ತದೆ.